ಕಡಲ ಗಾಳಿಗೆ ಉಬ್ಬಿದ ಕಾಫಿಬೀಜದ ಕಥೆ

ಜೂನ್ ಬಂತೆಂದರೆ ಕಾರವಾರ, ಅಂಕೋಲಾದ ಅಡುಗೆಮನೆಗಳಲ್ಲಿ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಕಾಫಿಪುಡಿ ಡಬ್ಬಿಯಲ್ಲೇ ಗಂಟು ಕಟ್ಟುತ್ತದೆ. ಕಡಲಿನಿಂದ ಬರುವ ತೇವದ ಗಾಳಿಯೇ ಇದಕ್ಕೆಲ್ಲ ಕಾರಣ. ಆದರೆ ಇದೇ ಗಾಳಿ ನಮ್ಮ ನಾಡಿನ ಕಾಫಿಗೆ ಪರದೇಶದಲ್ಲಿ ಹೆಸರು ತಂದುಕೊಟ್ಟಿದೆ. ಆ ಕಥೆ ತಿಳಿದರೆ ಮನೆಯ ಕಾಫಿಯನ್ನು ಹೇಗಿಡಬೇಕೆಂಬುದೂ ತಿಳಿಯುತ್ತದೆ.

ಬಾಬಾ ಬುಡನ್ ಯೆಮನ್ ದೇಶದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎಂಬುದು 17ನೇ ಶತಮಾನದ ಪ್ರತೀತಿ. ದೊಡ್ಡ ತೋಟಗಳು ಎದ್ದದ್ದು 19ನೇ ಶತಮಾನದಲ್ಲಿ, ಬ್ರಿಟಿಷರ ಕಾಲಕ್ಕೆ. ಕಾರವಾರ ಅದಕ್ಕೂ ಹಳೆಯ ವ್ಯಾಪಾರದ ಊರು. 1638ರಲ್ಲಿ ಇಂಗ್ಲಿಷರು ಇಲ್ಲಿ ಕೋಠಿ ತೆರೆದದ್ದು ಕಾಳುಮೆಣಸಿನ ಆಸೆಗೆ. ಆದರೆ ಮಲೆನಾಡು, ಕೊಡಗಿನ ಕಾಫಿ ಹಡಗು ಹತ್ತುತ್ತಿದ್ದುದು ತೆಂಕಣದ ಮಂಗಳೂರು, ತಲಶ್ಶೇರಿ ಬಂದರುಗಳಲ್ಲಿ.

ಹಾಯಿಹಡಗುಗಳು ಆಫ್ರಿಕಾ ಖಂಡ ಸುತ್ತಿ ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಬೇಕಿತ್ತು. ಮರದ ಹಡಗಿನೊಳಗೆ ಗೋಣಿಚೀಲದ ಬೀಜ ಅಷ್ಟು ದಿನವೂ ತೇವ ಹೀರುತ್ತಿತ್ತು. ಹೊರಡುವಾಗ ಹಸಿರಾಗಿದ್ದದ್ದು ತಲುಪುವಾಗ ಉಬ್ಬಿ ತಿಳಿಹಳದಿಯಾಗುತ್ತಿತ್ತು, ಹುಳಿ ಇಳಿದು ರುಚಿ ಮೆದುವಾಗುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ರೂಢಿಯಾಯಿತು.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳು ಬಂದವು. ಬೀಜ ಬೇಗ ತಲುಪತೊಡಗಿತು, ಹಸಿರು ಬಣ್ಣ ಹಾಗೇ ಉಳಿಯಿತು. ಗಿರಾಕಿಗಳಿಗೆ ಹಳೆಯ ರುಚಿಯೇ ಬೇಕು! ಅದಕ್ಕೆ ನಮ್ಮ ಕರಾವಳಿಯ ವ್ಯಾಪಾರಿಗಳು ಹಡಗಿನ ಕೆಲಸವನ್ನು ಗೋದಾಮಿಗೆ ತಂದರು. ಮಳೆಗಾಲದಲ್ಲಿ ಗಾಳಿಯಾಡುವ ಗೋದಾಮಿನ ನೆಲದ ಮೇಲೆ ಬೀಜವನ್ನು ನಾಲ್ಕಾರು ಇಂಚು ದಪ್ಪ ಹರಡಿ, ಆಗಾಗ ಕೈಯಾಡಿಸಿ, ಆಮೇಲೆ ಗೋಣಿಗೆ ಸಡಿಲವಾಗಿ ತುಂಬಿ, ಮತ್ತೆ ಸುರಿದು ಮತ್ತೆ ತುಂಬುತ್ತಾರೆ. 12ರಿಂದ 16 ವಾರಗಳ ಕೆಲಸ. ಇದೇ ‘ಮಾನ್ಸೂನ್ಡ್ ಮಲಬಾರ್’ ಕಾಫಿ. ಇದಕ್ಕೆ ಜಿಐ ಮಾನ್ಯತೆಯೂ ಇದೆ.

ಹಾಗಾದರೆ ನಮ್ಮ ಡಬ್ಬಿಯ ಕಾಫಿ ಯಾಕೆ ಕೆಡುತ್ತದೆ? ಗೋದಾಮಿನದು ಹುರಿಯದ ಬೀಜ, ಅದೂ ದಿನವೂ ಕಣ್ಣಿಟ್ಟು ಗಾಳಿಯಾಡಿಸಿದ್ದು. ಹುರಿದ ಮೇಲೆ ಬೀಜದೊಳಗಿನ ಎಣ್ಣೆಗೆ ಗಾಳಿ ತಾಗಿ ಘಮ ಹಾರುತ್ತದೆ. ಪುಡಿ ಮಾಡಿದರೆ ಇನ್ನೂ ಬೇಗ. ಚಿಕೋರಿ ಬೆರೆತಿದ್ದರೆ ತೇವ ಹೀರಿ ಗಂಟಾಗುವುದೂ ಹೆಚ್ಚು.

ನಮ್ಮ ಜಿಲ್ಲೆಯಲ್ಲೂ ಶಿರಸಿ, ಸಿದ್ದಾಪುರ ಕಡೆ ಅಡಿಕೆ ತೋಟದ ನಡುವೆ ಕಾಫಿ ಬೆಳೆಯುವವರಿದ್ದಾರೆ. ಬೀಜ ಮನೆಯಲ್ಲೇ ಇಡುವವರು ತೇವ ಶೇ 11ರ ಆಸುಪಾಸಿಗೆ ಇಳಿಯುವಂತೆ ಒಣಗಿಸಿ, ಚೀಲವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಬೇಕು. ಮೂಲೆಗೆ ಬಿಟ್ಟ ಚೀಲ ಮಾನ್ಸೂನ್ಡ್ ಕಾಫಿ ಆಗುವುದಿಲ್ಲ, ಬೂಸಲು ಹಿಡಿಯುತ್ತದೆ, ಬೆಲೆ ಬೀಳುತ್ತದೆ.

ಅಂಗಡಿಯಿಂದ ತರುವವರು ಮಳೆಗಾಲದಲ್ಲಿ ವಾರ, ಎರಡು ವಾರಕ್ಕೆ ಸಾಲುವಷ್ಟೇ ತನ್ನಿ. ಚಿಕ್ಕ ಡಬ್ಬಿಗೆ ಭರ್ತಿ ತುಂಬಿ, ಮುಚ್ಚಳ ಬಿಗಿ ಮಾಡಿ, ಒಲೆಯಿಂದ ದೂರ ಇಡಿ. ದಿನವೂ ತೆಗೆದು ಹಾಕುವ ಡಬ್ಬಿಗೆ ಫ್ರಿಜ್ ಬೇಡ. ಹೊರಗೆ ತೆಗೆದ ಕೂಡಲೇ ಅದು ಬೆವರುತ್ತದೆ. ಒದ್ದೆ ಚಮಚವಂತೂ ಬೇಡವೇ ಬೇಡ.