ತೋಳಿನ ಮೇಲಿನ ತ್ರಿಕೋನ ಹೇಳುವ ಟ್ಯಾಂಕ್ ಚರಿತ್ರೆ

1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮ್‌ಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ ಭಾರತೀಯ ಸೇನೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ನುಚ್ಚುನೂರು ಮಾಡಿದಾಗ ಆ ಹೆಸರು ನಮ್ಮಲ್ಲಿ ಮನೆಮಾತಾಯಿತು. ಅಮೆರಿಕದಲ್ಲಿ ತಯಾರಾದ ಆ ಟ್ಯಾಂಕಿಗೆ ಹೆಸರು ಬಂದದ್ದು ಜನರಲ್ ಜಾರ್ಜ್ ಪ್ಯಾಟನ್‌ನಿಂದ. ಅಮೆರಿಕದ ಟ್ಯಾಂಕ್ ಯೋಧರು ತೋಳಿಗೆ ಹೊಲಿದುಕೊಳ್ಳುವ ತ್ರಿಕೋನದ ಬ್ಯಾಡ್ಜಿನ ಕಥೆಯೂ ಆತನಿಂದಲೇ ಆರಂಭವಾಗುತ್ತದೆ.

1918ರಲ್ಲಿ ಫ್ರಾನ್ಸಿನ ಲಾಂಗ್ರ್ ಪಟ್ಟಣದ ಬಳಿ ಪ್ಯಾಟನ್ ಟ್ಯಾಂಕ್ ತರಬೇತಿ ಶಾಲೆ ನಡೆಸುತ್ತಿದ್ದ. ಅವನ ಕೈಕೆಳಗಿನ ಅಧಿಕಾರಿಗಳು ರೂಪಿಸಿದ ತ್ರಿಕೋನದಲ್ಲಿ ಮೂರು ಬಣ್ಣಗಳಿದ್ದವು. ಹಳದಿ ಅಶ್ವದಳದ್ದು, ನೀಲಿ ಪದಾತಿದಳದ್ದು, ಕೆಂಪು ಫಿರಂಗಿದಳದ್ದು. ಈ ಮೂರರ ಕೆಲಸವನ್ನೂ ಟ್ಯಾಂಕ್ ಒಂದೇ ಮಾಡಬಲ್ಲದೆಂಬುದು ಅದರ ಅರ್ಥ. 1920ರಲ್ಲಿ ಟ್ಯಾಂಕ್ ದಳವನ್ನು ವಿಸರ್ಜಿಸಿ ಪದಾತಿದಳಕ್ಕೆ ಸೇರಿಸಲಾಯಿತು.

1940ರ ಜುಲೈನಲ್ಲಿ ಹೊಸ ಕವಚಪಡೆ ಹುಟ್ಟಿದಾಗ ತ್ರಿಕೋನ ಮರಳಿ ಬಂತು. ಈ ಬಾರಿ ಅದರ ನಡುವೆ ಟ್ಯಾಂಕಿನ ಸರಪಳಿ ಪಟ್ಟಿ, ಫಿರಂಗಿ ಮತ್ತು ಕೆಂಪು ಮಿಂಚು, ಮೇಲ್ತುದಿಯಲ್ಲಿ ಡಿವಿಜನ್ನಿನ ಸಂಖ್ಯೆ ಕಾಣಿಸಿಕೊಂಡವು. ಎರಡನೇ ಮಹಾಯುದ್ಧದಲ್ಲಿ 1ರಿಂದ 14, ಬಳಿಕ 16 ಮತ್ತು 20, ಹೀಗೆ ಒಟ್ಟು 16 ಕವಚ ಡಿವಿಜನ್‌ಗಳಿದ್ದವು. ಆದ್ದರಿಂದ ಮಿಂಚು, ಸಂಖ್ಯೆಗಳಿರುವ ಬ್ಯಾಡ್ಜನ್ನು ಮೊದಲ ಮಹಾಯುದ್ಧದ್ದೆಂದು ಯಾರಾದರೂ ಮಾರಲು ಬಂದರೆ ನಂಬುವಂತಿಲ್ಲ.

ಲೋಹದ ಬ್ಯಾಡ್ಜುಗಳಲ್ಲಿ ಎಡವುವುದು ಇನ್ನೂ ಸುಲಭ. 1942ರಲ್ಲಿ ಒಪ್ಪಿಗೆ ಪಡೆದ ಕವಚಪಡೆಯ ಕಾಲರ್ ಬ್ಯಾಡ್ಜಿನ ಮೇಲಿದ್ದುದು ಮೊದಲ ಮಹಾಯುದ್ಧ ಕಾಲದ ಮಾರ್ಕ್ 8 ಟ್ಯಾಂಕಿನ ಪಾರ್ಶ್ವನೋಟ. ಚಿತ್ರ ಹಳೆಯದೆಂದ ಮಾತ್ರಕ್ಕೆ ಬ್ಯಾಡ್ಜೂ ಅಷ್ಟೇ ಹಳೆಯದಾಗಬೇಕಿಲ್ಲ. 1950ರಲ್ಲಿ ಒಪ್ಪಿಗೆಯಾದ ಲಾಂಛನದಲ್ಲಿ ಎರಡು ಅಡ್ಡ ಖಡ್ಗಗಳ ಮೇಲೆ ಎಂ-26 ಟ್ಯಾಂಕಿನ ಮುಂಭಾಗವಿದೆ. ಅದನ್ನು ಯಾರಾದರೂ 1944ರ ನಾರ್ಮಂಡಿ ದಾಳಿಯ ನೆನಪಿನ ಕಾಣಿಕೆ ಎಂದರೆ ಆ ಮಾತು ಸುಳ್ಳು.

ಬಲ್ಲ ಸಂಗ್ರಾಹಕರು ಬ್ಯಾಡ್ಜನ್ನು ತಿರುಗಿಸಿಯೂ ನೋಡುತ್ತಾರೆ. ಹಳೆಯ ಲೋಹದ ಬ್ಯಾಡ್ಜುಗಳಿಗೆ ತಿರುಪು ಇಲ್ಲವೇ ಪಿನ್ನು ಇರುತ್ತಿತ್ತು. ಹಿಂದಿನಿಂದ ಅದುಮಿ ಕೂರಿಸುವ ಬಿಲ್ಲೆಗಳು ಎರಡನೇ ಮಹಾಯುದ್ಧದ ಕಾಲದಲ್ಲಿ ಬಳಕೆಗೆ ಬಂದು ಬಳಿಕ ಸಾಮಾನ್ಯವಾದವು. ಬಟ್ಟೆಯ ಬ್ಯಾಡ್ಜಿನ ಅಂಚು ದಪ್ಪ ದಾರದಿಂದ ಸುತ್ತಿ ಹೊಲಿದದ್ದಾಗಿದ್ದರೆ ಅದು ಬಹುಮಟ್ಟಿಗೆ 1960ರ ದಶಕದ ಅಥವಾ ಆನಂತರದ್ದು. ಯುದ್ಧಕಾಲದವುಗಳ ಅಂಚು ಸಾಮಾನ್ಯವಾಗಿ ಬರಿದೇ ಕತ್ತರಿಸಿದ್ದು. ಅತಿನೇರಳೆ ಬೆಳಕಿನಲ್ಲಿ ಹೊಸ ಕೃತಕ ದಾರ ಹೊಳೆಯುತ್ತದೆ, ಹಳೆಯ ಹತ್ತಿ ದಾರ ಮಂಕಾಗಿರುತ್ತದೆ. ಆದರೆ ಇಂದಿನ ಸೋಪಿನ ಪುಡಿಯಲ್ಲಿ ಒಗೆದರೆ ಹಳೆಯದೂ ಹೊಳೆದೀತು. ನಕಲು ಮಾಡುವವರಿಗೂ ಈ ಗುಟ್ಟುಗಳು ಗೊತ್ತು. ಹಾಗಾಗಿ ಒಂದೇ ಗುರುತನ್ನು ನೆಚ್ಚದೆ ಚಿತ್ರ, ದಾರ, ಅಂಚು, ಪಿನ್ನು ಎಲ್ಲವೂ ಒಂದೇ ಕಾಲವನ್ನು ಹೇಳುತ್ತವೆಯೇ ಎಂದು ನೋಡಬೇಕು.

ಇದು ಹವ್ಯಾಸಿಗಳ ಹಣದ ಪ್ರಶ್ನೆ ಮಾತ್ರವಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಸರ್ಕಾರಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಸೈನಿಕರ ಕಡತಗಳು ನಾಶವಾದವು. 1912ರಿಂದ 1960ರವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಶೇ. 80ರಷ್ಟು ಇಲ್ಲವಾದವು. ಎರಡೂ ಮಹಾಯುದ್ಧಗಳಲ್ಲಿ ಟ್ಯಾಂಕ್ ಏರಿದ್ದವರು ಈ ಅವಧಿಯವರೇ. ಅಂಥ ಅನೇಕ ಮನೆಗಳಲ್ಲಿ ಅಜ್ಜ ಯಾವ ಪಡೆಯಲ್ಲಿ, ಎಲ್ಲಿ ಹೋರಾಡಿದ ಎಂಬುದಕ್ಕೆ ಪೆಟ್ಟಿಗೆಯ ತಳದಲ್ಲಿರುವ ಪತ್ರ, ಫೋಟೋ, ಅಂಗಿಗೆ ಹೊಲಿದ ತ್ರಿಕೋನಗಳೇ ಆಧಾರ. ಅಂಥ ಅಂಗಿಯಿಂದ ಬ್ಯಾಡ್ಜನ್ನು ಬಿಚ್ಚಿ ಮಾರಿದರೆ ಅದರ ಸಾಕ್ಷ್ಯ ಕಳೆದುಹೋಗುತ್ತದೆ. ನಕಲಿಯನ್ನು ಹೊಲಿದರಂತೂ ಆ ಮನೆಯ ಚರಿತ್ರೆಯೇ ಸುಳ್ಳಾಗುತ್ತದೆ.