ರಾಜ್ಯ ಶಾಸಕರಿಗೆ ಅಂಕ: ಅಮೆರಿಕದ ವಿಧಾನಮಂಡಲಗಳಲ್ಲಿ ಮತ, ನಿಲುವು ಮತ್ತು ಸದನ

ಅಮೆರಿಕದ 50 ರಾಜ್ಯಗಳಲ್ಲಿ ಒಟ್ಟು 99 ಶಾಸನಸಭೆಗಳಿವೆ. ನೆಬ್ರಾಸ್ಕ ಒಂದನ್ನು ಬಿಟ್ಟರೆ ಉಳಿದೆಲ್ಲ ರಾಜ್ಯಗಳಲ್ಲೂ ಎರಡೆರಡು ಸದನ. ಅಲ್ಲಿ ಕೂರುವ 7,300ಕ್ಕೂ ಹೆಚ್ಚು ಶಾಸಕರು ತೆರಿಗೆ, ಶಾಲೆ, ಸೆರೆಮನೆ, ಗರ್ಭಪಾತ, ಬಂದೂಕಿನ ಪರವಾನಗಿ, ಚುನಾವಣೆಯ ನಿಯಮ ಇವೆಲ್ಲದರ ಮೇಲೆ ಕಾನೂನು ಮಾಡುತ್ತಾರೆ. ಜನರ ದಿನನಿತ್ಯದ ಬದುಕಿಗೆ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗಿಂತ ಇವರೇ ಹತ್ತಿರ. ಆದರೆ ತನ್ನ ಕ್ಷೇತ್ರದ ಶಾಸಕ ಯಾವ ಮಸೂದೆಗೆ ಏನೆಂದ ಎಂದು ನಡಾವಳಿ ತೆರೆದು ಓದುವ ಪುರುಸೊತ್ತು ಸಾಮಾನ್ಯ ಮತದಾರನಿಗಿಲ್ಲ. ಆ ಓದಿನ ಬದಲಿಗೆ ಅವನ ಕೈಗೆ ಸಿಗುವುದು ಒಂದು ಅಂಕ: ಈ ಶಾಸಕ ನೂರಕ್ಕೆ ಇಷ್ಟು ಸಂಪ್ರದಾಯವಾದಿ, ಅಥವಾ ಇಷ್ಟು ಉದಾರವಾದಿ. ಈ ಅಂಕ ಶಾಸಕನ ನಿಲುವನ್ನು ಎಷ್ಟು ಹೇಳುತ್ತದೋ ಅವನು ಕೂತಿರುವ ಸದನದ ಕಟ್ಟುಪಾಡನ್ನೂ ಅಷ್ಟೇ ಹೇಳುತ್ತದೆ ಎಂಬುದು ನನ್ನ ವಾದ. ಎರಡನ್ನೂ ಬಿಡಿಸಿ ನೋಡದೆ ಒಂದು ರಾಜ್ಯದ ಶಾಸಕನನ್ನು ಇನ್ನೊಂದು ರಾಜ್ಯದವನ ಪಕ್ಕದಲ್ಲಿ ನಿಲ್ಲಿಸಿದರೆ ಹೋಲಿಕೆ ಕೆಡುತ್ತದೆ.

ಅಂಕ ಕೊಡುವ ರೂಢಿ ಶುರುವಾದದ್ದು ಕಾಂಗ್ರೆಸ್ಸಿನ ಸದಸ್ಯರಿಂದ. 1947ರಲ್ಲಿ ಹುಟ್ಟಿದ ಅಮೆರಿಕನ್ಸ್ ಫಾರ್ ಡೆಮಾಕ್ರಟಿಕ್ ಆ್ಯಕ್ಷನ್ ಎಂಬ ಉದಾರವಾದಿ ಸಂಘಟನೆ ವರ್ಷಕ್ಕೆ 20 ಮತಗಳನ್ನು ಆರಿಸಿ, ತನಗೆ ಒಪ್ಪಿಗೆಯಾದ ಪ್ರತಿ ಮತಕ್ಕೆ 5ರಂತೆ ಅಂಕ ಹಾಕುತ್ತ ಬಂತು. ಗೈರುಹಾಜರಾದವರಿಗೂ ಅಲ್ಲಿ ಸೊನ್ನೆಯೇ. 1964ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕನ್ಸರ್ವೇಟಿವ್ ಯೂನಿಯನ್ 1971ರಿಂದ ಎದುರು ದಿಕ್ಕಿನ ಪಟ್ಟಿ ಹೊರಡಿಸಿತು. ಮುಂದೆ ಈ ಪದ್ಧತಿ ರಾಜ್ಯಗಳಿಗೂ ಇಳಿಯಿತು. ಇಂದು ವ್ಯಾಪಾರಿ ಸಂಘಗಳು, ಕಾರ್ಮಿಕ ಸಂಘಟನೆಗಳು, ಪರಿಸರವಾದಿಗಳು, ಬಂದೂಕಿನ ಹಕ್ಕಿನವರು ಎಲ್ಲರೂ ತಮ್ಮ ತಮ್ಮ ಪಟ್ಟಿ ಮಾಡುತ್ತಾರೆ. ಚುನಾವಣೆ ಹತ್ತಿರ ಬಂದಾಗ ಆ ಅಂಕಗಳು ಕರಪತ್ರಗಳಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗುತ್ತವೆ.

ಈ ಪಟ್ಟಿಗಳ ದೋಷ ಪಕ್ಷಪಾತವೊಂದೇ ಅಲ್ಲ. ಅದಕ್ಕಿಂತ ಆಳವಾದ ದೋಷವನ್ನು ರಾಜಕೀಯ ವಿಜ್ಞಾನಿ ಜೇಮ್ಸ್ ಸ್ನೈಡರ್ 1992ರಲ್ಲಿ ತೋರಿಸಿಕೊಟ್ಟರು. ಸಂಘಟನೆಗಳು ಆರಿಸುವುದು ಸಾಮಾನ್ಯವಾಗಿ ಹಣಾಹಣಿ ನಡೆದ, ಸದನ ಹೆಚ್ಚುಕಡಿಮೆ ಅರ್ಧಕ್ಕೆ ಸೀಳಿದ ಮತಗಳನ್ನು. ಎಲ್ಲ ಪ್ರಶ್ನೆಗಳೂ ಒಂದೇ ಮಟ್ಟದ ಕಷ್ಟದಲ್ಲಿರುವ ಪರೀಕ್ಷೆಯನ್ನು ನೆನೆಯಿರಿ. ಆ ಮಟ್ಟಕ್ಕಿಂತ ಒಂದಿಷ್ಟು ಮೇಲಿರುವ ವಿದ್ಯಾರ್ಥಿಗೆ ನೂರರ ಹತ್ತಿರ, ಒಂದಿಷ್ಟು ಕೆಳಗಿರುವವನಿಗೆ ಸೊನ್ನೆಯ ಹತ್ತಿರ ಅಂಕ ಬೀಳುತ್ತದೆ. ನಡುವಿನವರು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅದೇ ರೀತಿ ಮಧ್ಯಮ ನಿಲುವಿನ ಶಾಸಕರೂ ಇಂಥ ಪಟ್ಟಿಯಲ್ಲಿ ಉಗ್ರರಾಗಿ ತೋರುತ್ತಾರೆ. ಪಟ್ಟಿಯ ಎರಡು ತುದಿಗಳಲ್ಲಿ ಗುಂಪು ಕಟ್ಟಿದ ಹೆಸರುಗಳನ್ನು ನೋಡಿ ಸದನ ಎರಡಾಗಿ ಒಡೆದಿದೆ ಎಂದು ತೀರ್ಮಾನಿಸಿದರೆ, ಆ ಒಡಕಿನಲ್ಲಿ ಒಂದು ಪಾಲು ಪ್ರಶ್ನೆಪತ್ರಿಕೆಯದು.

ಇದಕ್ಕೆ ಪರಿಹಾರವಾಗಿ ಬಂದದ್ದು ಕೀತ್ ಪೂಲ್ ಮತ್ತು ಹೊವರ್ಡ್ ರೊಸೆಂತಾಲ್ 1980ರ ದಶಕದಲ್ಲಿ ರೂಪಿಸಿದ ನಾಮಿನೇಟ್ ವಿಧಾನ. ಇಲ್ಲಿ ಯಾರೂ ಮತಗಳನ್ನು ಆರಿಸುವುದಿಲ್ಲ. ದಾಖಲಾದ ಮತಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಸದಸ್ಯರೆಲ್ಲ ಒಂದು ಗೆರೆಯ ಮೇಲೆ ಎಲ್ಲೋ ಒಂದೊಂದು ಕಡೆ ನಿಂತಿದ್ದಾರೆ ಎಂದು ಊಹಿಸಬೇಕು. ಪ್ರತಿ ಮಸೂದೆಯೂ ಆ ಗೆರೆಯನ್ನು ಒಂದು ಬಿಂದುವಿನಲ್ಲಿ ಕತ್ತರಿಸುತ್ತದೆ. ಒಂದು ಬದಿಯವರು ಪರ, ಇನ್ನೊಂದು ಬದಿಯವರು ವಿರೋಧ. ಯಾರನ್ನು ಎಲ್ಲಿ ನಿಲ್ಲಿಸಿದರೆ ನಿಜವಾಗಿ ಬಿದ್ದ ಮತಗಳಿಗೆ ಅತಿ ಹೆಚ್ಚು ಹೊಂದಿಕೆಯಾಗುತ್ತದೆ ಎಂಬುದನ್ನು ಗಣಕಯಂತ್ರ ಹುಡುಕುತ್ತದೆ. ಬಹುತೇಕ ಸರ್ವಾನುಮತದ ಮತಗಳಿಂದ ಇಲ್ಲಿ ಏನೂ ಗಿಟ್ಟುವುದಿಲ್ಲ, ಹಾಗಾಗಿ ಅಲ್ಪಮತ ಶೇ. 2.5ಕ್ಕಿಂತ ಕಡಿಮೆ ಇದ್ದವನ್ನು ಕೈಬಿಡುತ್ತಾರೆ. ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಗೆರೆಯ ಯಾವ ತುದಿ ಉದಾರವಾದದ್ದು, ಯಾವುದು ಸಂಪ್ರದಾಯವಾದದ್ದು ಎಂದು ಯಂತ್ರ ಹೇಳುವುದಿಲ್ಲ. ಯಾರು ಯಾರ ಜೊತೆ ಮತ ಹಾಕುತ್ತಾರೆ ಎಂಬುದಷ್ಟೇ ಅದಕ್ಕೆ ಗೊತ್ತು. ಹೆಸರಿಡುವವನು ಸಂಶೋಧಕ. ನ್ಯೂಯಾರ್ಕಿನ ಡೆಮಾಕ್ರಟಿಕ್ ಕಾಂಗ್ರೆಸ್ ಸದಸ್ಯೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಸ್ ತಮ್ಮ ಪಕ್ಷದ ಮಸೂದೆ ಸಾಲದು ಎಂದು ಎಡದಿಂದ ವಿರೋಧಿಸಿದಾಗ, ಅದು ಅತಿಯಾಯಿತು ಎಂದು ಬಲದಿಂದ ವಿರೋಧಿಸಿದ ರಿಪಬ್ಲಿಕನ್ನರ ಜೊತೆ ಅವರ ಮತ ಸೇರಿತು. ಲೆಕ್ಕ ಅವರನ್ನು ಮಧ್ಯಮರ ಕಡೆಗೆ ತಳ್ಳಿತು.

ಕಾಂಗ್ರೆಸ್ಸಿನಿಂದ ರಾಜ್ಯಗಳಿಗೆ ಬಂದಾಗ ಎರಡು ತೊಡಕು. ಮೊದಲನೆಯದು ದಾಖಲೆಗಳದು, ಜೆರಾಲ್ಡ್ ರೈಟ್ 1999–2000ರ ಅವಧಿಯ ಮತಗಳನ್ನು ಎಲ್ಲ ಸದನಗಳಿಂದ ಒಟ್ಟುಗೂಡಿಸುವವರೆಗೆ ಅಂಥ ಸಂಗ್ರಹವೇ ಇರಲಿಲ್ಲ. ಎರಡನೆಯದು ಇನ್ನೂ ಕಠಿಣ. ಕ್ಯಾಲಿಫೋರ್ನಿಯಾದ ಶಾಸಕನೂ ಅಲಬಾಮದ ಶಾಸಕನೂ ಒಂದೇ ಮಸೂದೆಗೆ ಎಂದೂ ಮತ ಹಾಕುವುದಿಲ್ಲ. ಹಾಗಿದ್ದ ಮೇಲೆ ಇಬ್ಬರನ್ನೂ ಒಂದೇ ಗೆರೆಯ ಮೇಲೆ ಹೇಗೆ ನಿಲ್ಲಿಸುವುದು? ಬೋರಿಸ್ ಶೋರ್ ಮತ್ತು ನೋಲನ್ ಮೆಕಾರ್ಟಿ 2011ರ ಲೇಖನದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಪ್ರಾಜೆಕ್ಟ್ ವೋಟ್ ಸ್ಮಾರ್ಟ್ ಸಂಸ್ಥೆ ದೇಶದುದ್ದಕ್ಕೂ ಅಭ್ಯರ್ಥಿಗಳಿಗೆ ಕಳುಹಿಸುತ್ತಿದ್ದ ಪ್ರಶ್ನಾವಳಿಯಲ್ಲಿ ಎಲ್ಲ ರಾಜ್ಯದವರಿಗೂ ಸಮಾನವಾದ ಪ್ರಶ್ನೆಗಳಿದ್ದವು. ಉತ್ತರ ಕೊಟ್ಟು ಗೆದ್ದು ಬಂದವರನ್ನು ಸೇತುವೆಯಾಗಿ ಬಳಸಿ ಅವರು ಎಲ್ಲ ಸದನಗಳನ್ನೂ ಒಂದೇ ನಕ್ಷೆಗೆ ತಂದರು. ಕ್ಯಾಲಿಫೋರ್ನಿಯಾದಲ್ಲಿ ಎರಡು ಪಕ್ಷಗಳ ನಡುವಿನ ಅಂತರ ಎಲ್ಲ ರಾಜ್ಯಗಳಿಗಿಂತ ಹೆಚ್ಚು ಎಂಬುದು ಆ ನಕ್ಷೆಯಿಂದ ಖಚಿತವಾಯಿತು. ಡೆಮಾಕ್ರಟ್ ಎಂದರೆ ಎಲ್ಲ ಕಡೆ ಒಂದೇ ಅಲ್ಲ, ರಿಪಬ್ಲಿಕನ್ ಎಂದರೂ ಅಲ್ಲ ಎಂಬುದಕ್ಕೆ ಲೆಕ್ಕದ ಆಧಾರ ಸಿಕ್ಕಿತು. ಈ ಸಾಧನೆಯನ್ನು ನಾನು ಕಡೆಗಣಿಸುತ್ತಿಲ್ಲ; ರಾಜ್ಯ ರಾಜಕಾರಣದ ಅಧ್ಯಯನ ಇದರಿಂದ ಬೇರೆಯೇ ಮಟ್ಟಕ್ಕೆ ಏರಿತು. ಆದರೆ ಆ ಸೇತುವೆ ನಿಂತಿರುವುದು ಒಂದು ನಂಬಿಕೆಯ ಮೇಲೆ: ಪ್ರಶ್ನಾವಳಿಯಲ್ಲಿ ಟಿಕ್ ಹಾಕಿದ ಮನುಷ್ಯನೂ ಸದನದಲ್ಲಿ ಗುಂಡಿ ಒತ್ತುವ ಮನುಷ್ಯನೂ ಒಬ್ಬನೇ, ಎರಡೂ ಕಡೆ ಒಂದೇ ನಿಲುವಿನಿಂದ ನಡೆಯುತ್ತಾನೆ ಎಂಬ ನಂಬಿಕೆ.

ಈ ನಂಬಿಕೆಯನ್ನು ಒರೆಗೆ ಹಚ್ಚಲು ನೆಬ್ರಾಸ್ಕಕ್ಕಿಂತ ಒಳ್ಳೆಯ ಜಾಗವಿಲ್ಲ. ಸೆನೆಟರ್ ಜಾರ್ಜ್ ನಾರಿಸ್ ಊರೂರು ತಿರುಗಿ ಪ್ರಚಾರ ಮಾಡಿದ ಫಲವಾಗಿ ಅಲ್ಲಿನ ಮತದಾರರು 1934ರಲ್ಲಿ ಎರಡು ಸದನಗಳ ಪದ್ಧತಿಯನ್ನು ರದ್ದುಮಾಡಿ ಒಂದನ್ನೇ ಉಳಿಸಿಕೊಂಡರು. 1937ರಿಂದ ಅದೇ ನಡೆದಿದೆ. ಈಗ 49 ಸದಸ್ಯರು. ಮತಪತ್ರದಲ್ಲಿ ಅಭ್ಯರ್ಥಿಯ ಪಕ್ಷದ ಹೆಸರಿರುವುದಿಲ್ಲ. ಸಮಿತಿಗಳ ಅಧ್ಯಕ್ಷರನ್ನು ಸದಸ್ಯರೇ ಗುಪ್ತ ಮತದಿಂದ ಆರಿಸುತ್ತಾರೆ. ಪ್ರತಿ ಮಸೂದೆಗೂ ಸಾರ್ವಜನಿಕ ವಿಚಾರಣೆ ಆಗಲೇಬೇಕು. ಪಕ್ಕದ ಕ್ಯಾನ್ಸಸ್ ಹೊಲಗದ್ದೆಯಲ್ಲೂ ಜನರಲ್ಲೂ ನೆಬ್ರಾಸ್ಕವನ್ನೇ ಹೋಲುತ್ತದೆ, ಆದರೆ ಅಲ್ಲಿನ ಸೆನೆಟ್ ಮಾಮೂಲಿ ಪಕ್ಷಗಳ ಸೆನೆಟ್. ರೈಟ್ ಮತ್ತು ಬ್ರಯಾನ್ ಶಾಫ್ನರ್ 2002ರಲ್ಲಿ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅಭ್ಯರ್ಥಿಗಳಾಗಿ ಪ್ರಶ್ನಾವಳಿಗೆ ಕೊಟ್ಟ ಉತ್ತರಗಳಲ್ಲಿ ಎರಡು ರಾಜ್ಯದವರೂ ಎಡ-ಬಲದ ಗೆರೆಯ ಮೇಲೆ ನೆಟ್ಟಗೆ ನಿಲ್ಲುತ್ತಿದ್ದರು. ಸದನದೊಳಗೆ ಕ್ಯಾನ್ಸಸ್‌ನವರ ಮತಗಳೂ ಅದೇ ಗೆರೆಯಲ್ಲಿದ್ದವು. ನೆಬ್ರಾಸ್ಕದವರ ಮತಗಳಲ್ಲಿ ಮಾತ್ರ ಆ ಗೆರೆ ಕಾಣಲೇ ಇಲ್ಲ. ಮಸೂದೆಯಿಂದ ಮಸೂದೆಗೆ ಬೇರೆ ಬೇರೆ ಗುಂಪುಗಳು ಕೂಡುತ್ತಿದ್ದವು, ಚದುರುತ್ತಿದ್ದವು. ಮನಸ್ಸಿನಲ್ಲಿದ್ದ ನಿಲುವನ್ನು ಮತವಾಗಿ ಸಾಲುಗಟ್ಟಿಸುವುದು ಪಕ್ಷ ಎಂಬುದು ಅವರ ತೀರ್ಮಾನ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಅಧ್ಯಯನ ಇನ್ನೊಂದಿಲ್ಲ. ಕ್ಯಾನ್ಸಸ್‌ನ ಅಂಕ ಮನುಷ್ಯನನ್ನು ಅಳೆದಂತೆ ಕಂಡರೆ, ಅದಕ್ಕೆ ಪಕ್ಷ ಆಗಲೇ ಅವನನ್ನು ಗೆರೆಗೆ ತಂದು ನಿಲ್ಲಿಸಿದ್ದು ಕಾರಣ.

ಅದೇ ಸದನದ ಒಂದು ಮತವನ್ನು ಹತ್ತಿರದಿಂದ ನೋಡಬೇಕು. ಒಮಾಹದ ಪಕ್ಷೇತರ ಸದಸ್ಯ ಅರ್ನಿ ಚೇಂಬರ್ಸ್ ಮರಣದಂಡನೆ ರದ್ದಾಗಬೇಕೆಂದು 1970ರ ದಶಕದಿಂದ ಮಸೂದೆ ತರುತ್ತಲೇ ಇದ್ದರು. 1979ರಲ್ಲಿ ಒಮ್ಮೆ ಅಂಗೀಕಾರವಾದರೂ ರಾಜ್ಯಪಾಲರು ವೀಟೊ ಹಾಕಿದರು. 2015ರಲ್ಲಿ ಎಲ್‌ಬಿ 268 ಎಂಬ ಮಸೂದೆ 32–15ರಿಂದ ಪಾಸಾಯಿತು. ರಾಜ್ಯಪಾಲ ಪೀಟ್ ರಿಕೆಟ್ಸ್ ಇದಕ್ಕೂ ವೀಟೊ ಹಾಕಿದರು. ಅದನ್ನು ತಳ್ಳಿಹಾಕಲು 30 ಮತ ಬೇಕು. ಮೇ 27ರಂದು ಬಿದ್ದದ್ದು ಸರಿಯಾಗಿ 30, ವಿರುದ್ಧ 19. ರಿಪಬ್ಲಿಕನ್ನರೇ ಹೆಚ್ಚಿರುವ ಸದನದಲ್ಲಿ ಅವರ ಬೆಂಬಲವಿಲ್ಲದೆ ಆ ಸಂಖ್ಯೆ ಬರುತ್ತಲೇ ಇರಲಿಲ್ಲ. ಅವರಲ್ಲಿ ಕೆಲವರ ಕಾರಣ ಧಾರ್ಮಿಕ: ಭ್ರೂಣದ ಜೀವ ಉಳಿಯಬೇಕೆನ್ನುವವನು ಕೈದಿಯ ಜೀವದ ವಿಷಯದಲ್ಲೂ ಅದನ್ನೇ ಹೇಳಬೇಕು. ಇನ್ನು ಕೆಲವರದು ಖರ್ಚಿನ ಲೆಕ್ಕ: 1997ರ ನಂತರ ಒಬ್ಬರ ಮೇಲೂ ಮರಣದಂಡನೆ ಜಾರಿಮಾಡಲಾಗದ ವ್ಯವಸ್ಥೆಗೆ ತೆರಿಗೆದಾರನ ಹಣ ಏಕೆ ಸುರಿಯಬೇಕು? ಎರಡೂ ಅಪ್ಪಟ ಸಂಪ್ರದಾಯವಾದಿ ತರ್ಕಗಳು. ಆದರೆ ಅಂಕಪಟ್ಟಿಯಲ್ಲಿ ತರ್ಕಕ್ಕೆ ಕಾಲಂ ಇಲ್ಲ. ಆ ಸದಸ್ಯರ ಮತ ಚೇಂಬರ್ಸ್ ಮತದ ಪಕ್ಕದಲ್ಲಿ ಕೂತು ಅವರನ್ನು ಎಡಕ್ಕೆ ಸರಿಸುತ್ತದೆ. 2016ರ ನವೆಂಬರಿನಲ್ಲಿ ಮತದಾರರು ಜನಮತಗಣನೆಯಲ್ಲಿ ಶೇ. 61ರಷ್ಟು ಮತದಿಂದ ಮರಣದಂಡನೆಯನ್ನು ಮರಳಿ ತಂದರು.

ನೆಬ್ರಾಸ್ಕವೂ ಈಗ ಹಾಗೆಯೇ ಉಳಿದಿಲ್ಲ. ಸದಸ್ಯತ್ವದ ಅವಧಿಗೆ ಮಿತಿ ಹೇರುವ ನಿಯಮ 2000ದಲ್ಲಿ ಅಂಗೀಕಾರವಾಗಿ 2006ರಿಂದ ಹಳಬರನ್ನು ಹೊರಗೆ ಕಳುಹಿಸಿತು. ಖಾಲಿಯಾದ ಸ್ಥಾನಗಳಿಗೆ ಪಕ್ಷಗಳೇ ಅಭ್ಯರ್ಥಿಗಳನ್ನು ಹುಡುಕಿ ನಿಲ್ಲಿಸತೊಡಗಿದವು. ಅದರಿಂದ ಮತಗಳು ಎಡ-ಬಲವಾಗಿ ವೇಗವಾಗಿ ಒಡೆದವು ಎಂದು ಸೆತ್ ಮಾಸ್ಕೆಟ್ ಮತ್ತು ಶೋರ್ 2015ರಲ್ಲಿ ತೋರಿಸಿದ್ದಾರೆ. ಮತದಾರರು ಅವರೇ, ಸದನವೂ ಅದೇ. ಒಳಗೆ ಕಳುಹಿಸುವ ಬಾಗಿಲು ಬದಲಾದದ್ದಕ್ಕೆ ಅಂಕಗಳೂ ಬದಲಾದವು.

ಪರ-ವಿರೋಧಗಳಲ್ಲದ ಮತವೂ ಉಂಟು. ಇಲಿನಾಯ್‌ನಲ್ಲಿ ‘ಹಾಜರು’ ಎಂದಷ್ಟೇ ಮತ ಹಾಕಬಹುದು. ಅಲ್ಲಿನ ಸೆನೆಟ್‌ನಲ್ಲಿ ಮಸೂದೆ ಗೆಲ್ಲಲು ಒಟ್ಟು 59 ಸದಸ್ಯರಲ್ಲಿ 30 ಜನ ಪರ ಇರಬೇಕಾದ್ದರಿಂದ, ಫಲದಲ್ಲಿ ಅದು ವಿರೋಧವೇ. 1997ರಿಂದ 2004ರವರೆಗೆ ಅಲ್ಲಿ ಸದಸ್ಯರಾಗಿದ್ದ ಬರಾಕ್ ಒಬಾಮ ಸುಮಾರು 4,000 ಮತಗಳಲ್ಲಿ 130ರಷ್ಟನ್ನು ಹೀಗೆ ಹಾಕಿದ್ದರು. 2008ರ ಚುನಾವಣೆಯಲ್ಲಿ ಎದುರಾಳಿಗಳು ಅದನ್ನು ಅಳುಕು ಎಂದರು. ಗರ್ಭಪಾತದ ಕೆಲವು ಮಸೂದೆಗಳಲ್ಲಿ ಅದು ತಾವೇ ಸೂಚಿಸಿದ ತಂತ್ರ ಎಂದು ಗರ್ಭಪಾತದ ಹಕ್ಕಿನ ಪರವಾದ ಸಂಘಟನೆ ಪ್ಲಾನ್ಡ್ ಪೇರೆಂಟ್‌ಹುಡ್‌ನ ಇಲಿನಾಯ್ ಘಟಕ ಹೇಳಿತು. ಈ ಮತವನ್ನು ವಿರೋಧವೆಂದು ಎಣಿಸಬೇಕೋ ಗೈರೆಂದು ಬಿಡಬೇಕೋ ಎಂಬುದನ್ನು ಸೂತ್ರ ತೀರ್ಮಾನಿಸುವುದಿಲ್ಲ. ಆ ರಾಜ್ಯದ ನಿಯಮ ಬಲ್ಲವನು ತೀರ್ಮಾನಿಸಬೇಕು.

ಇದೇ ಅಳತೆಯನ್ನು ನಮ್ಮ ವಿಧಾನಸೌಧಕ್ಕೆ ತರಬಹುದೇ ಎಂಬ ಪ್ರಶ್ನೆ ಕನ್ನಡದ ಓದುಗರಿಗೆ ಏಳುವುದು ಸಹಜ. ತರಲಾಗದು. ನಮ್ಮಲ್ಲಿ ಮಸೂದೆಗಳು ಬಹುಪಾಲು ಧ್ವನಿಮತದಲ್ಲೇ ಮುಗಿಯುತ್ತವೆ, ಯಾರು ಏನೆಂದರು ಎಂಬ ದಾಖಲೆ ಉಳಿಯುವುದಿಲ್ಲ. ಮತ ಎಣಿಸಿದರೂ 1985ರ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿಯ ಕೆಳಗೆ ವಿಪ್ ಮೀರಿದವನ ಸದಸ್ಯತ್ವವೇ ಹೋಗಬಹುದು. 2019ರ ಜುಲೈ 23ರಂದು ಎಚ್. ಡಿ. ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ವಿಶ್ವಾಸಮತ ಸೋತಾಗ ಒಬ್ಬೊಬ್ಬರ ಮತವೂ ಎಣಿಕೆಗೆ ಬಂತು, ಆದರೆ ಆ ಎಣಿಕೆ ಯಾರ ಆರ್ಥಿಕ ನೀತಿಯನ್ನೂ ಸಾಮಾಜಿಕ ನಿಲುವನ್ನೂ ಹೇಳಲಿಲ್ಲ. ಪಕ್ಷವನ್ನು ಮೀರಿ ಮತ ಹಾಕಿ ಮರುದಿನವೂ ಶಾಸಕನಾಗಿ ಉಳಿಯಲು ಸಾಧ್ಯವಿರುವ ಕಡೆ ಮಾತ್ರ ಇಂಥ ಅಂಕಕ್ಕೆ ಅರ್ಥ.

ಅಮೆರಿಕದಲ್ಲೂ ಆ ಸ್ವಾತಂತ್ರ್ಯಕ್ಕೆ ಮೊದಲೇ ಒಂದು ಜರಡಿ ಇದೆ. ಯಾವ ಮಸೂದೆ ಮತಕ್ಕೆ ಬರಬೇಕು ಎಂದು ಯಾರು ನಿರ್ಧರಿಸುತ್ತಾರೆ? ಬಹುಮತದ ಪಕ್ಷದ ನಿಜವಾದ ಶಕ್ತಿ ಇರುವುದು ತನ್ನವರನ್ನು ಒಡೆಯುವ ಮಸೂದೆ ಸದನಕ್ಕೆ ಬಾರದಂತೆ ತಡೆಯುವುದರಲ್ಲಿ ಎಂದು ಗ್ಯಾರಿ ಕಾಕ್ಸ್ ಮತ್ತು ಮ್ಯಾಥ್ಯೂ ಮೆಕ್ಕಬಿನ್ಸ್ ಕಾಂಗ್ರೆಸ್ಸಿನ ಬಗ್ಗೆ ವಾದಿಸಿದ್ದಾರೆ. ರಾಜ್ಯಗಳಲ್ಲಿ ಈ ತಡೆಯ ಬಲ ಸದನದಿಂದ ಸದನಕ್ಕೆ ಬೇರೆ. ಟೆಕ್ಸಸ್ ಇದಕ್ಕೆ ಸ್ಪಷ್ಟ ನಿದರ್ಶನ. 150 ಸದಸ್ಯರ ಅಲ್ಲಿನ ಕೆಳಮನೆಯ ಶಾಸಕರನ್ನು ರೈಸ್ ವಿಶ್ವವಿದ್ಯಾಲಯದ ಮಾರ್ಕ್ ಜೋನ್ಸ್ ದಾಖಲಿತ ಮತಗಳ ಆಧಾರದ ಮೇಲೆ ಉದಾರವಾದದಿಂದ ಸಂಪ್ರದಾಯವಾದದವರೆಗೆ ಸಾಲಾಗಿ ಜೋಡಿಸುತ್ತ ಬಂದಿದ್ದಾರೆ. ಟೆಕ್ಸಸ್ ಟ್ರಿಬ್ಯೂನ್ ಪತ್ರಿಕೆ ಅದನ್ನು ಪ್ರಕಟಿಸಿದೆ. ಮಸೂದೆಯ ಅಂತಿಮ ಅಂಗೀಕಾರಕ್ಕೆ ಹೆಸರುವಾರು ಮತ ದಾಖಲಾಗಬೇಕು ಎಂದು 2007ರಲ್ಲಿ ಆ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದದ್ದರಿಂದ ಇಂಥ ಕೆಲಸಕ್ಕೆ ಬುನಾದಿ ಗಟ್ಟಿಯಾಯಿತು. ಹಾಗಿದ್ದೂ ಎರಡು ಸಂಗತಿಗಳು ಆ ಪಟ್ಟಿಗೆ ಸಿಗುವುದಿಲ್ಲ.

ಒಂದು, ಎದ್ದು ಹೋಗುವುದು. ಕೋರಂಗೆ ಮೂರನೇ ಎರಡು ಭಾಗ ಸದಸ್ಯರು ಬೇಕು. 2003ರಲ್ಲಿ ಕ್ಷೇತ್ರ ಮರುವಿಂಗಡಣೆಯನ್ನು ತಡೆಯಲು 50ಕ್ಕೂ ಹೆಚ್ಚು ಡೆಮಾಕ್ರಟರು ಗಡಿ ದಾಟಿ ಒಕ್ಲಹೋಮದ ಆರ್ಡ್‌ಮೋರ್‌ಗೆ ಹೋಗಿ ಕೂತರು. 2021ರ ಜುಲೈನಲ್ಲಿ ಮತದಾನದ ನಿಯಮ ಬಿಗಿಗೊಳಿಸುವ ಮಸೂದೆಯನ್ನು ವಿರೋಧಿಸಿ ಮತ್ತೆ ಅಷ್ಟೇ ಜನ ವಾಷಿಂಗ್ಟನ್ನಿಗೆ ಹಾರಿದರು. ಆ ಅಧಿವೇಶನದಲ್ಲಿ ಅವರು ತೋರಿದ ಅತ್ಯಂತ ಖಚಿತವಾದ ನಿಲುವು ಅದೇ. ಮತದ ಲೆಕ್ಕದಲ್ಲಿ ಅದು ಖಾಲಿ ಮನೆ.

ಇನ್ನೊಂದು, ಸ್ಪೀಕರ್. ರಿಪಬ್ಲಿಕನ್ನರಾದ ಜೋ ಸ್ಟ್ರಾಸ್ 2009ರಲ್ಲಿ ಡೆಮಾಕ್ರಟರ ಮತ್ತು ತಮ್ಮ ಪಕ್ಷದ ಕೆಲವರ ಬೆಂಬಲದಿಂದ ಸ್ಪೀಕರ್ ಆಗಿ 2019ರವರೆಗೆ ಆ ಪೀಠದಲ್ಲಿದ್ದರು. ಸಮಿತಿಗಳ ಅಧ್ಯಕ್ಷರನ್ನು ನೇಮಿಸುವುದು ಸ್ಪೀಕರ್, ಯಾವ ಸಮಿತಿಗೆ ಯಾವ ಮಸೂದೆ ಎನ್ನುವುದೂ ಅವರದೇ ತೀರ್ಮಾನ. 2017ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಯಾವ ಶೌಚಾಲಯ ಬಳಸಬೇಕು ಎಂಬ ಮಸೂದೆ ಸೆನೆಟ್‌ನಲ್ಲಿ ಗೆದ್ದರೂ ಸ್ಟ್ರಾಸ್ ಅವರ ಸದನದಲ್ಲಿ ಮುಂದೆ ಸಾಗಲಿಲ್ಲ. ಅಂದು ಆ ಮಸೂದೆಯನ್ನು ನಿಲ್ಲಿಸಿದ ನಿಲುವು ಯಾವ ಸದಸ್ಯನ ಅಂಕದಲ್ಲೂ ಇಲ್ಲ. ಸ್ಪೀಕರ್ ಸಾಮಾನ್ಯವಾಗಿ ಮತವನ್ನೇ ಹಾಕದ ಕಾರಣ ಅವರಿಗೆ ಸ್ಥಾನವೂ ಇಲ್ಲ. ಟೆಕ್ಸಸ್ ವಿಧಾನಮಂಡಲ ಪ್ರತಿ ಮಸೂದೆಯ ಹಂತಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಯಾವುದು ಯಾವ ಸಮಿತಿಯಲ್ಲಿ ನಿಂತಿತು, ಯಾವ ದಿನದಿಂದ ನಿಂತಿತು ಎಂದು ಯಾರು ಬೇಕಾದರೂ ನೋಡಬಹುದು. ಅಂಕ ಪ್ರಕಟಿಸುವವರು ಸದಸ್ಯರ ಪಟ್ಟಿಯ ಜೊತೆಗೆ ನಿಂತುಹೋದ ಮಸೂದೆಗಳ ಪಟ್ಟಿಯನ್ನೂ, ಆಯಾ ಸಮಿತಿಯ ಅಧ್ಯಕ್ಷರ ಹೆಸರನ್ನೂ, ಅವರನ್ನು ನೇಮಿಸಿದವರ ಹೆಸರನ್ನೂ ಅಚ್ಚು ಹಾಕಬೇಕು.