ಗುಂಡು ತಗುಲಿದ ಕೈ, ಚಿನ್ನ ಗೆದ್ದ ಕೋಚ್: ಸಾಂಡ್ರೊ ಗಾಂಬಾ ಕಥೆ

ಇವತ್ತು ಒಬ್ಬ ಬ್ಯಾಸ್ಕೆಟ್‌ಬಾಲ್ ಕೋಚ್ ಕಥೆ ಹೇಳ್ತೀನಿ. ಹೆಸರು ಸಾಂಡ್ರೊ ಗಾಂಬಾ, ಊರು ಇಟಲಿಯ ಮಿಲಾನ್, ಹುಟ್ಟಿದ್ದು 1932ರಲ್ಲಿ. ರಾತ್ರಿಯೆಲ್ಲಾ ಎದ್ದು ಎನ್‌ಬಿಎ ನೋಡೋರಿಗೂ ಈ ಹೆಸರು ಗೊತ್ತಿರೋದು ಅಪರೂಪ. ಆದರೆ ಇಟಲಿಗೆ ಮೊದಲ ಸಲ ಯುರೋಪಿಯನ್ ಚಾಂಪಿಯನ್ ಪಟ್ಟ ಬಂದಿದ್ದು ಇವರ ಕಾಲದಲ್ಲೇ.

ಕಥೆ ಶುರುವಾಗೋದು 1945ರ ಏಪ್ರಿಲ್‌ನಲ್ಲಿ. ಎರಡನೇ ಮಹಾಯುದ್ಧದ ಕೊನೆಯ ದಿನಗಳು. ಮಿಲಾನ್‌ನಲ್ಲಿ ಫ್ಯಾಸಿಸ್ಟರ ವಿರುದ್ಧ ಜನ ದಂಗೆ ಎದ್ದಿದ್ದರು, ಬೀದಿಯಲ್ಲೇ ಗುಂಡಿನ ಚಕಮಕಿ. ಆಗ ಹನ್ನೆರಡು ವರ್ಷದ ಗಾಂಬಾನ ಕೈಗೆ ಗುಂಡು ತಗುಲಿತು. ಜೀವ ಉಳಿಯಿತು. ಕೈ? ಅದಕ್ಕೆ ಮತ್ತೆ ಬಲ ಬರಲಿ ಅಂತ ಹುಡುಗ ಬ್ಯಾಸ್ಕೆಟ್‌ಬಾಲ್ ಹಿಡಿದ. ಅಂದರೆ, ಮೊದಲಿಗೆ ಅದು ಅವನಿಗೆ ಆಟಕ್ಕಿಂತ ಹೆಚ್ಚಾಗಿ ಚಿಕಿತ್ಸೆ.

ಚಿಕಿತ್ಸೆಗೆ ಅಂತ ಹಿಡಿದ ಚೆಂಡೇ ಅವರನ್ನು ಒಲಿಂಪಿಯಾ ಮಿಲಾನೊ ತಂಡಕ್ಕೆ ಕರ್ಕೊಂಡು ಹೋಯ್ತು. ಅಲ್ಲಿ ಗಾರ್ಡ್ ಆಗಿ ಆಡಿ 10 ಸಲ ಇಟಲಿಯ ಲೀಗ್ ಗೆದ್ದರು. ಅಲ್ಲಿ ಸಿಕ್ಕ ಗುರು ಚೆಜಾರೆ ರುಬಿನಿ. ಈ ರುಬಿನಿಯದ್ದೇ ಒಂದು ಎಪಿಸೋಡ್ ಮಾಡಬಹುದು ಬಿಡಿ: 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಾಟರ್ ಪೋಲೊದಲ್ಲಿ ಚಿನ್ನ ಗೆದ್ದು, ಜೊತೆಗೇ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದವರು!

1960ರಲ್ಲಿ ರೋಮ್ ಒಲಿಂಪಿಕ್ಸ್. ತವರಿನ ಜನರ ಮುಂದೆ ಗಾಂಬಾ ಆಡಿದ ಇಟಲಿ ತಂಡಕ್ಕೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಪದಕ ಒಂದೇ ಒಂದು ಮೆಟ್ಟಿಲು ದೂರ. ಆಟಗಾರನಾಗಿ ಆ ಮೆಟ್ಟಿಲು ಹತ್ತೋಕೆ ಅವರಿಗೆ ಆಗಲೇ ಇಲ್ಲ.

ಆಟ ಮುಗಿಸಿದ ಮೇಲೆ ರುಬಿನಿಗೇ ಸಹಾಯಕರಾದರು. ವರ್ಷಗಟ್ಟಲೆ ಎರಡನೇ ಕುರ್ಚಿ. ಕೊನೆಗೆ 1973ರಲ್ಲಿ ಮುಖ್ಯ ಕೋಚ್ ಆಗೋ ಅವಕಾಶ ಬಂತು. ಬಂದಿದ್ದು ಎಲ್ಲಿಂದ ಗೊತ್ತಾ? ವರೇಸೆ ತಂಡದಿಂದ! ಮಿಲಾನ್‌ಗೆ ಹತ್ತಿರದ ಪುಟ್ಟ ಊರು, ಆದರೆ ಮಿಲಾನ್ ತಂಡದ ಬದ್ಧ ಎದುರಾಳಿ. ಬೆಳೆಸಿದ ಮನೆ ಬಿಟ್ಟು ಎದುರು ಮನೆಗೆ ಹೋಗೋದು ಸುಲಭವೇ? ಗಾಂಬಾ ಹೋದರು. 1975 ಮತ್ತು 1976ರಲ್ಲಿ, ಎರಡೂ ಸಲ ರಿಯಲ್ ಮ್ಯಾಡ್ರಿಡ್ ತಂಡವನ್ನು ಸೋಲಿಸಿ, ವರೇಸೆ ಯುರೋಪಿಯನ್ ಕಪ್ ಗೆದ್ದಿತು.

ಆಮೇಲೆ ರಾಷ್ಟ್ರೀಯ ತಂಡ. 1980, ಮಾಸ್ಕೋ ಒಲಿಂಪಿಕ್ಸ್. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದಕ್ಕೆ ಅಮೆರಿಕ ಬಹಿಷ್ಕಾರ ಹಾಕಿತ್ತು. ಇಟಲಿಯವರು ಹೋದರು, ಆದರೆ ತಮ್ಮ ಬಾವುಟದ ಬದಲು ಒಲಿಂಪಿಕ್ ಬಾವುಟದ ಕೆಳಗೆ. ಅಮೆರಿಕ ಇಲ್ಲ ಅಂದ ಮೇಲೆ ಚಿನ್ನ ಸೋವಿಯತ್ ಒಕ್ಕೂಟದ್ದೇ ಅಂತ ಎಲ್ಲರ ಲೆಕ್ಕ. ಆ ಲೆಕ್ಕ ತಲೆಕೆಳಗು ಮಾಡಿದ ತಂಡಗಳಲ್ಲಿ ಗಾಂಬಾ ತಂಡವೂ ಒಂದು. ಸೋವಿಯತ್ ನೆಲದಲ್ಲೇ ಅವರನ್ನು 87-85ರಿಂದ ಸೋಲಿಸಿತು. ಫೈನಲ್‌ನಲ್ಲಿ ಯುಗೊಸ್ಲಾವಿಯಾ ಎದುರು 77-86ರಿಂದ ಸೋತರೂ ಬೆಳ್ಳಿ ಬಂತು. ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಟಲಿಯ ಮೊದಲ ಪದಕ ಅದು. ರೋಮ್‌ನಲ್ಲಿ ತಪ್ಪಿದ ಮೆಟ್ಟಿಲನ್ನು 20 ವರ್ಷದ ನಂತರ ಗಾಂಬಾ ತಮ್ಮ ಹುಡುಗರ ಕೈಲಿ ಹತ್ತಿಸಿದ್ದರು.

ಅಂದಹಾಗೆ, ಅದೇ ಮಾಸ್ಕೋದಲ್ಲಿ ಭಾರತದ ಪುರುಷರ ತಂಡವೂ ಆಡಿತ್ತು. ಎಲ್ಲ ಪಂದ್ಯ ಸೋತು 12ನೇ ಸ್ಥಾನ. ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲ್‌ಗೆ ನಾವು ಹೋಗಿದ್ದು ಅದೊಂದೇ ಸಲ.

ಮೂರು ವರ್ಷದ ನಂತರ, 1983ರಲ್ಲಿ, ಫ್ರಾನ್ಸ್‌ನ ನಾಂತ್ ಊರಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್. ಇಟಲಿ 105, ಸ್ಪೇನ್ 96. ಆ ತಂಡದ ಹಿರಿಯ 33 ವರ್ಷದ ಡಿನೊ ಮೆನೆಗಿನ್, ವರೇಸೆಯಲ್ಲೂ ಗಾಂಬಾ ಕೈಕೆಳಗೆ ಆಡಿದ್ದವರು. 1946ರಿಂದ ಬೆಳ್ಳಿಯ ಮೇಲೆ ಏರದ ಇಟಲಿಗೆ ಕೊನೆಗೂ ಚಿನ್ನ.

2006ರಲ್ಲಿ ಅಮೆರಿಕದ ನೈಸ್ಮಿತ್ ಹಾಲ್ ಆಫ್ ಫೇಮ್ ಗಾಂಬಾರನ್ನು ಸೇರಿಸಿಕೊಂಡಿತು. ಗುರು ರುಬಿನಿ 12 ವರ್ಷ ಮೊದಲೇ ಅಲ್ಲಿದ್ದರು.

ಗಾಯ ಆಯ್ತು, ಇನ್ನು ಆಡೋಕೆ ಆಗಲ್ಲ ಅಂತ ಕೂತಿರೋ ಗೆಳೆಯರು ನಿಮಗೂ ಇದ್ದರೆ, ಈ ಎಪಿಸೋಡ್ ಕಳಿಸಿ. ಮತ್ತೆ ಸಿಗೋಣ.